ಗಂಟಿಗೊಂದು ಕಮ್ಮಿ

ಮಾರ್ಚ್ 3, ಸೋಮವಾರ

ಈ ಪುಸ್ತಕ ನಮ್ಮ ಲಾಂಡ್ರಿಯ ಉಗ್ರಾಣದ ಮೂಲೆಯಲ್ಲಿ ಬಿದ್ದಿತ್ತು. ಬಟ್ಟೆ ಎಣಿಕೆಗೆಂದು ಅಚ್ಚು ಹಾಕಿಸಿದ್ದು. ಗೆರೆಗಳು ಸೊಟ್ಟಗೆ ಬಂದಿವೆಯೆಂದು ಬಿಸಾಕಿದ್ದರು. ಈಚೆಗೆ ನನ್ನ ತಲೆಯೂ ಅಷ್ಟೇನೂ ನೆಟ್ಟಗಿಲ್ಲ, ಜೋಡಿ ಸರಿಹೋಗುತ್ತದೆಂದು ಚೀಲಕ್ಕೆ ಹಾಕಿಕೊಂಡು ಬಂದೆ. "ಅಲ್ಲಿನ ಸಿಟ್ಟನ್ನೆಲ್ಲ ತಂದು ನನ್ನ ತಲೆ ಮೇಲೆ ಸುರೀಬೇಡಮ್ಮ, ಎಲ್ಲಾದ್ರೂ ಬರ್ಕೋ" ಎಂದು ಮಗಳು ನಿನ್ನೆ ಬೇಡಿಕೊಂಡಿದ್ದಳು. ಬರೆದುಕೊಳ್ಳುತ್ತಿದ್ದೇನೆ, ತಾಯೀ.

ಇಂದಿನ ಸಿಟ್ಟು ಇದು. ಬೆಳಿಗ್ಗೆ ಆಸ್ಪತ್ರೆಯ ಚೀಲಗಳು ಬಂದವು. ನಮ್ಮ ಲಾಂಡ್ರಿಯಲ್ಲಿ ಗೋಡೆಯ ಈ ಕಡೆ ಕೊಳೆ, ಆ ಕಡೆ ಒಗೆದದ್ದು. ಕೊಳೆ ಮೇಜಿನ ಹತ್ತಿರ ನಾವು ಆರು ಜನ ಹೆಂಗಸರು. ಐವರು ಚೀಲ ಬಿಚ್ಚಿ ಬೆಡ್‌ಶೀಟು, ದಿಂಬಿನ ಕವರು, ಆಪರೇಷನ್ ಗೌನು ಎಂದು ಬೇರೆ ಮಾಡುತ್ತಾರೆ. ನಾನು ಎಣಿಕೆ ಬರೆಯುತ್ತೇನೆ. ಹೋದ ತಿಂಗಳು ಸೇರಿದ ಹೊಸಬಳು ಚೀಲಕ್ಕೆ ಕೈ ಹಾಕಿದವಳೇ "ಅಯ್ಯೋ" ಎಂದು ಎಳೆದುಕೊಂಡಳು. ಶೀಟಿನ ಮಡಿಕೆಯಲ್ಲಿ ಇಂಜೆಕ್ಷನ್ ಸೂಜಿ. ಹೆಬ್ಬೆರಳಿನಲ್ಲಿ ಒಂದು ತೊಟ್ಟು ರಕ್ತ. ಯಾವ ರೋಗಿಗೆ ಚುಚ್ಚಿದ ಸೂಜಿಯೋ, ಅವನಿಗೆ ಏನಿತ್ತೋ, ಹೇಳುವವರಾರು? ಹುಡುಗಿಗೆ ಆರು ತಿಂಗಳ ಕೂಸಿದೆ, ಇನ್ನೂ ಹಾಲೂಡಿಸುತ್ತಿದ್ದಾಳೆ.

ಮ್ಯಾನೇಜರ್ ಬಂದರು. ಅವರು ಯಾವತ್ತೂ ದನಿ ಎತ್ತುವವರಲ್ಲ. "ಬಟ್ಟೆಗೆ ಪಿನ್ನು ಚುಚ್ಕೊಂಡು ಬಂದಿದ್ದೀಯಲ್ಲಮ್ಮ, ಅದೇ ತಗುಲಿರುತ್ತೆ. ಸೋಪು ಹಾಕಿ ತೊಳ್ಕೋ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ರಿಜಿಸ್ಟರ್‌ನಲ್ಲಿ ಎಂದಿನ ಹಾಗೇ" ಎಂದರು. 'ಇಂದಿನ ಅವಘಡ' ಎಂಬ ಕಾಲಮಿನಲ್ಲಿ ದಿನಾ 'ಇಲ್ಲ' ಎಂದು ಬರೆಯುವುದು ನನ್ನ ಕೆಲಸ. ಹನ್ನೊಂದು ವರ್ಷದಿಂದ ಬರೆದಿದ್ದೇನೆ. ಇಂದೂ ಬರೆದೆ.

ಟೀ ಸಮಯದಲ್ಲಿ ನಮ್ಮ ಮೇಜಿನ ಹಿರಿಯಳಾದ ದೊಡ್ಡಕ್ಕನ ಜೊತೆ ಮೆಟ್ಟಿಲ ಮೇಲೆ ಕುಳಿತು, ಒಂದು ವರ್ಷದಲ್ಲಿ, ಬಂದು ಬಿಟ್ಟುಹೋದವರೂ ಸೇರಿ, ಎಷ್ಟು ಜನಕ್ಕೆ ಸೂಜಿ ಚುಚ್ಚಿದೆಯೆಂದು ನೆನಪು ಮಾಡಿ ಮಾಡಿ ಈ ಪುಸ್ತಕದ ಕೊನೆಯ ಪುಟದಲ್ಲಿ ಗೀಟು ಎಳೆದೆ. ನಾಲ್ಕು ಉದ್ದಗೀಟು, ಐದಕ್ಕೊಂದು ಅಡ್ಡಗೀಟು. ಕೊನೆಯ ಗುಂಪು ನಾಲ್ಕಕ್ಕೇ ನಿಂತಿತು. ದೊಡ್ಡಕ್ಕ ಬೆರಳು ಮಡಚಿ, "ಗಂಟಿಗೊಂದು ಕಮ್ಮಿ ಕಣೇ" ಎಂದಳು.

ನಮ್ಮಲ್ಲಿ ಇಪ್ಪತ್ತು ಶೀಟಿಗೆ ಒಂದು ಗಂಟು. ಈ ಮೇಜಿನಲ್ಲಿ ಇಪ್ಪತ್ತಾರು ವರ್ಷ ಕಳೆದಿರುವ ದೊಡ್ಡಕ್ಕ ಹತ್ತೊಂಬತ್ತು ಎಂದು ಒಮ್ಮೆಯೂ ಅಂದವಳಲ್ಲ. "ಹತ್ತೊಂಬತ್ತು ಅನ್ನೋಕೆ ನಾಲಿಗೆ ತೊಡರುತ್ತೆ" ಎನ್ನುತ್ತಾಳೆ. ಅವಳು "ಗಂಟಿಗೊಂದು ಕಮ್ಮಿ" ಎಂದು ಕೂಗಬೇಕು, ಆ ಕಡೆ ಮಡಚುವವರು ಕಿಸಕ್ಕೆನ್ನಬೇಕು, ನಾನು "ಹತ್ತೊಂಬತ್ತು" ಎಂದು ತಿರುಗಿ ಹೇಳಿ ಅಂಕಿಯಲ್ಲಿ ಬರೆಯಬೇಕು. ಎಣಿಕೆಯವಳು ಅಂಕಿಯಲ್ಲೇ ಮಾತಾಡಬೇಕೆಂಬುದು ಅಲ್ಲಿನ ಶಿಸ್ತು. ಮನೆಯಲ್ಲಿ ಯಾವ ಶಿಸ್ತು? ನಾನು ಹತ್ತುವ ಹತ್ತೊಂಬತ್ತನೇ ನಂಬರಿನ ಬಸ್ಸಿಗೂ ಮಗಳು ಹಾಗೇ ಅನ್ನುವುದು. ಮೊದಲೆಲ್ಲ ತಮಾಷೆಗೆ, ಈಗ ಅದೇ ಮಾತು.

ಮಾರ್ಚ್ 6, ಗುರುವಾರ

ಹೊಸಬಳು ರಕ್ತ ಪರೀಕ್ಷೆಗೆ ಹೋಗಿದ್ದಳಂತೆ. ಈಗಲೇ ಏನೂ ಗೊತ್ತಾಗುವುದಿಲ್ಲ, ಮೂರು ತಿಂಗಳು ಬಿಟ್ಟು ಮತ್ತೆ ಬಾ ಎಂದರಂತೆ. ಚುಚ್ಚಿದ್ದು ಕೆಲಸದಲ್ಲೇ ಎಂದು ಒಂದು ಚೀಟಿ ತಂದರೆ ಔಷಧಿ ಕೊಡುವುದಕ್ಕೂ ದಾರಿಯಿತ್ತಂತೆ, ಅದೂ ಮೊದಲ ಎರಡು ಮೂರು ದಿನದೊಳಗೆ. ಚೀಟಿಗೆ ಮ್ಯಾನೇಜರ್ ಹತ್ತಿರ ಹೋದರೆ ರಿಜಿಸ್ಟರ್ ತೆಗೆದು ತೋರಿಸಿದರಂತೆ. "ನೋಡಮ್ಮ, ಆ ದಿನ ಅವಘಡವೇ ಇಲ್ವಲ್ಲ."

ನನ್ನ ಅಕ್ಷರ. ದುಂಡಗೆ, ಚೆಂದವಾಗಿ. ಶಾಲೆಯಲ್ಲಿ ಅದಕ್ಕೆ ಬಹುಮಾನ ಬೇರೆ ಬಂದಿತ್ತು.

ಅವಳು ನನ್ನನ್ನು ಏನೂ ಅನ್ನಲಿಲ್ಲ. ಕೂಸಿಗೆ ಹಾಲು ಬಿಡಿಸಿದೆ ಎಂದಳು, ಅಷ್ಟೇ. ನನಗೆ ಊಟದ ಡಬ್ಬಿ ತೆರೆಯಲು ಆಗಲಿಲ್ಲ.

ಮಾರ್ಚ್ 9, ಭಾನುವಾರ

ಬರೆದುಬಿಟ್ಟೆ!

ಕೆಲಸ ಮಾಡಿದವರೇ ತಂತಮ್ಮ ಕಂಪನಿಯ ಬಗ್ಗೆ ಬರೆಯುವ ಜಾಲತಾಣ ಒಂದಿದೆ. ಹೋಟೆಲಿಗೆ ನಕ್ಷತ್ರ ಕೊಟ್ಟ ಹಾಗೆ ಮಾಲೀಕರಿಗೂ ಕೊಡಬಹುದು, ಹೆಸರು ಹಾಕಬೇಕಿಲ್ಲ. ಆಸ್ಪತ್ರೆಯವರು ಗುತ್ತಿಗೆ ಕೊಡುವ ಮುಂಚೆ ಅದನ್ನೆಲ್ಲ ಓದುತ್ತಾರಂತೆ. ತೋರಿಸಿದ್ದು ಮಗಳು. ಹದಿನೇಳು ವರ್ಷಕ್ಕೆ ಅವಳಿಗೆ ತಿಳಿಯದ್ದಿಲ್ಲ.

"ನಿನ್ನ ಫೋನ್ ಬೇಡ, ಲಾಂಡ್ರಿಯ ವೈಫೈ ಅಂತೂ ಬೇಡ್ವೇ ಬೇಡ. ಹೊಸ ಇಮೇಲ್ ಮಾಡೋಣ" ಎಂದು ಶುರು ಮಾಡಿದಳು. ನಾನು ಮೊದಲು ಬರೆದದ್ದನ್ನು ಓದಿ ತಲೆ ಮೇಲೆ ಕೈ ಹೊತ್ತಳು. "ಅಮ್ಮಾ, 'ಹನ್ನೊಂದು ವರ್ಷದಿಂದ ಎಣಿಕೆ ಬರೆಯುವ ನಾನು' ಅಂತ ಶುರು ಮಾಡಿದ್ದೀಯ! ಜೊತೆಗೆ ಫೋಟೋನೂ ಅಂಟಿಸ್ಬಿಡು."

ವರ್ಷ ತೆಗೆದೆವು. ಎಣಿಕೆ ತೆಗೆದೆವು. ಹೊಸಬಳ ಕೂಸನ್ನು ತೆಗೆಯಲು ನನಗೆ ಮನಸ್ಸಿರಲಿಲ್ಲ, ಆದರೆ ಅಲ್ಲಿ ಕೂಸಿರುವವಳು ಅವಳೊಬ್ಬಳೇ. ಸೋಮವಾರ ಎಂಬುದು 'ಈಚೆಗೆ' ಆಯಿತು. ಹೆಬ್ಬೆರಳು 'ಕೈ' ಆಯಿತು. "ನಿನ್ನ ಹಾಗೆ ಬರೀಬೇಡ, ಯಾರ ಹಾಗೂ ಇಲ್ದೆ ಇರೋ ಥರ ಬರಿ" ಎಂದಳು. ಅದು ಹೇಗೆ ಬರೆಯುವುದು? ಕೊನೆಗೆ ಇಷ್ಟು ಉಳಿಯಿತು, ಒಂದು ನಕ್ಷತ್ರದ ಕೆಳಗೆ:

'ಇಲ್ಲಿ ಕೊಳೆ ಬಟ್ಟೆಯಲ್ಲಿ ಇಂಜೆಕ್ಷನ್ ಸೂಜಿ ಬರುತ್ತದೆ. ಬರಿಗೈಯಲ್ಲಿ ಬಿಡಿಸಬೇಕು. ಒಂದು ವರ್ಷದಲ್ಲಿ ಚುಚ್ಚಿಸಿಕೊಂಡವರು ಗಂಟಿಗೊಂದು ಕಮ್ಮಿ. ರಿಜಿಸ್ಟರಿನಲ್ಲಿ ಒಬ್ಬರೂ ಇಲ್ಲ. ಚೀಟಿ ಕೇಳಿದರೆ ಕೊಡುವುದಿಲ್ಲ. ರಕ್ತ ನಮ್ಮದು, ಗುತ್ತಿಗೆ ಅವರದು.'

ಮಗಳು ಎರಡು ಸಲ ಓದಿದಳು. "ಈಗ ಯಾರಪ್ಪನಿಗೂ ಗೊತ್ತಾಗಲ್ಲ" ಎಂದು ಗುಂಡಿ ಒತ್ತಿಸಿದಳು. ಆಮೇಲೆ ನನ್ನನ್ನು ತಬ್ಬಿಕೊಂಡಳು. ಅವಳು ಹಾಗೆ ತಬ್ಬಿಕೊಂಡು ಯಾವ ಕಾಲವಾಗಿತ್ತೋ.

ಮಾರ್ಚ್ 14, ಶುಕ್ರವಾರ

ನಲವತ್ತು ಜನ 'ಉಪಯುಕ್ತ' ಎಂದು ಒತ್ತಿದ್ದಾರೆ! ಬೇರೆ ಯಾವುದೋ ಲಾಂಡ್ರಿಯವರು 'ನಮ್ಮಲ್ಲೂ ಇದೇ ಗೋಳು' ಎಂದು ಬರೆದಿದ್ದಾರೆ. ಆಸ್ಪತ್ರೆಯಿಂದ ಇಬ್ಬರು ಬಂದು ಮ್ಯಾನೇಜರ್ ಕೋಣೆಯಲ್ಲಿ ಒಂದು ಗಂಟೆ ಕುಳಿತಿದ್ದರು. ಹೊರಗೆ ಬಂದಾಗ ಮ್ಯಾನೇಜರ್ ಮುಖ ಇಂಗು ತಿಂದ ಮಂಗನ ಹಾಗಿತ್ತು. ದೊಡ್ಡಕ್ಕ ನನ್ನ ಪಕ್ಕೆ ತಿವಿದು, "ಯಾರೋ ಪುಣ್ಯಾತ್ಗಿತ್ತಿ ಒಳ್ಳೆ ಏಟು ಕೊಟ್ಟಿದ್ದಾಳೆ" ಎಂದಳು. ನಗು ತಡೆಯಲು ನಾಲಿಗೆ ಕಚ್ಚಿಕೊಂಡೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು, ದಾರಿಯುದ್ದಕ್ಕೂ ನಕ್ಕೆ.

ಮಾರ್ಚ್ 17, ಸೋಮವಾರ

ಹೇಗೆ ಬರೆಯಲಿ.

ಎಲ್ಲರನ್ನೂ ಇಸ್ತ್ರಿ ಕೋಣೆಗೆ ಕರೆದರು. ಮ್ಯಾನೇಜರ್ ಫೋನ್ ಹಿಡಿದು ನಿಂತಿದ್ದರು. "ಯಾರು ಬರೆದಿದ್ದು ಅಂತ ನಾನು ಕೇಳಲ್ಲ. ನಾವೆಲ್ಲ ಒಂದೇ ಮನೆಯವರು. ಸುಮ್ನೆ ಓದ್ತೀನಿ, ನೀವೂ ಕೇಳಿ" ಎಂದು ನನ್ನ ಬರಹವನ್ನು ಮೆತ್ತಗೆ, ಮಕ್ಕಳಿಗೆ ಪಾಠ ಓದಿದ ಹಾಗೆ ಓದತೊಡಗಿದರು. 'ಚುಚ್ಚಿಸಿಕೊಂಡವರು ಗಂಟಿಗೊಂದು ಕಮ್ಮಿ' ಎಂದರು.

ಮಡಚುವವರಲ್ಲಿ ಯಾರೋ ಅಭ್ಯಾಸಬಲದಿಂದ ಕಿಸಕ್ಕೆಂದರು. ಅಷ್ಟೇ. ಮೂವತ್ತು ತಲೆಗಳೂ ದೊಡ್ಡಕ್ಕನ ಕಡೆ ತಿರುಗಿದವು.

ವರ್ಷ, ವಾರ, ಬೆರಳು ಎಲ್ಲ ತೆಗೆದಿದ್ದೆವಲ್ಲ! ಆ ಮಾತು ನಮ್ಮಿಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ಮಗಳ ಪಾಲಿಗೆ ಅದು ನಮ್ಮ ಮನೆಯ ಮಾತು. ಲಾಂಡ್ರಿಯ ಪಾಲಿಗೆ ದೊಡ್ಡಕ್ಕನ ಮಾತು. ಅಲ್ಲಿ ನಾನು ಹತ್ತೊಂಬತ್ತು ಎನ್ನುವವಳು.

ಮ್ಯಾನೇಜರ್ ಓದು ನಿಲ್ಲಿಸಲಿಲ್ಲ, ಒಮ್ಮೆ ಕಣ್ಣೆತ್ತಿ ನೋಡಿದರು. ಮುಗಿದ ಮೇಲೆ, "ಎಲ್ರೂ ಕೆಲಸಕ್ಕೆ ಹೋಗಿ. ದೊಡ್ಡಕ್ಕ, ನೀವು ಸ್ವಲ್ಪ ಇರಿ" ಎಂದರು. ದೊಡ್ಡಕ್ಕ ನನ್ನ ಮುಖ ನೋಡಿದಳು. ಆ ಗೀಟುಗಳನ್ನು ಎಣಿಸಿದವಳು ಅವಳೇ ತಾನೆ? ಅವಳಿಗೆ ಅರ್ಥವಾಗಲು ಇನ್ನೇನು ಬೇಕು. ಬಾಯಿ ತೆರೆದು ಹೇಳಬೇಕು ಎಂದುಕೊಂಡೆ. ನನ್ನ ಕಾಲು ಎಲ್ಲರ ಕಾಲಿನ ಜೊತೆ ಬಾಗಿಲ ಕಡೆ ನಡೆಯಿತು.

ಮಾರ್ಚ್ 18, ಮಂಗಳವಾರ

ದೊಡ್ಡಕ್ಕನನ್ನು ಕೊಳೆ ಮೇಜಿನಿಂದ ತೆಗೆದು, ಬಿಸಿ ಉರುಳೆಯಲ್ಲಿ ಶೀಟು ಒಣಗಿಸುವ ರೋಲರ್ ಕೋಣೆಗೆ ಹಾಕಿದ್ದಾರೆ. ಅಲ್ಲಿನ ಸೆಕೆಗೆ ಪ್ರಾಯದವರೇ ತಲೆಸುತ್ತಿ ಬೀಳುತ್ತಾರೆ. ಅವಳಿಗೆ ನೆಟ್ಟಗೆ ಬರೆಯಲೂ ಬರುವುದಿಲ್ಲ, ಫೋನಿನಲ್ಲಿ ಕರೆ ಮಾಡುವುದಷ್ಟೇ ಗೊತ್ತು. ಹಾಗೆಂದು ಅವಳು ಹೇಳಿದ್ದಕ್ಕೆ, "ಬರೆಸಿರ್ತೀರಿ ಬಿಡಿ. ಯಾರ ಕೈಲಿ ಬರೆಸಿದ್ರಿ, ಅಷ್ಟು ಹೇಳಿ ಸಾಕು" ಎಂದರಂತೆ ಮ್ಯಾನೇಜರ್.

ತಪ್ಪು ಸಾಬೀತಾಗಿಲ್ಲ. ಸಾಬೀತಾಗದೆ ಯಾರನ್ನೂ ತೆಗೆಯುವಂತಿಲ್ಲ. ಎರಡು ದಿನ ಸೆಕೆ ತಿನ್ನಿಸಿ ತಣ್ಣಗಾಗುತ್ತಾರೆ. ನಾನು ಈಗ ಎದ್ದು ನಿಂತರೆ ಇಬ್ಬರೂ ಹೋಗುತ್ತೇವೆ, ಅದರಿಂದ ಅವಳಿಗೇನು ಲಾಭ?

ಮಾರ್ಚ್ 20, ಗುರುವಾರ

ಎಣಿಕೆಯ ನೆಪದಲ್ಲಿ ರೋಲರ್ ಕೋಣೆಗೆ ಹೋದೆ. ದೊಡ್ಡಕ್ಕನ ಮುಖ ಬೆಂದ ಹಾಗೆ ಕೆಂಪಗಾಗಿತ್ತು. ಶೀಟಿನ ಎರಡು ಮೂಲೆ ಹಿಡಿದು ರೋಲರಿಗೆ ಕೊಡುತ್ತಲೇ ಮಾತಾಡಿದಳು, ನನ್ನ ಕಡೆ ನೋಡಲಿಲ್ಲ.

"ಯಾರು ಬರೆದಿದ್ದು ಅಂತ ದಿನಾ ಕೇಳ್ತಾನೆ. ಗೊತ್ತಿಲ್ಲ ಅಂತೀನಿ."

"ಅಕ್ಕಾ, ನಾನು..."

"ನೀನು ಮಾತಾಡ್ಬೇಡ. ಈ ಮಿಷಿನ್ ಸದ್ದಲ್ಲಿ ನಂಗೇನೂ ಕೇಳ್ಸಲ್ಲ." ಇನ್ನೊಂದು ಶೀಟು ಎತ್ತಿಕೊಂಡಳು. "ಬರೆದೋರು ಚೆನ್ನಾಗಿ ಬರೆದಿದ್ದಾರೆ ಕಣೇ. ಅವನು ಓದ್ತಾ ಇದ್ರೆ, ನಾನೇ ಎಲ್ಲೋ ಮಾತಾಡಿ ಮರೆತುಬಿಟ್ಟಿದ್ದೀನೇನೋ ಅನ್ನಿಸ್ತು. ಇಪ್ಪತ್ತಾರು ವರ್ಷದಲ್ಲಿ ನನ್ನ ಮಾತನ್ನ ಯಾರೂ ಬರೆದಿಟ್ಟಿರ್ಲಿಲ್ಲ."

ಅಂಕಿ ಬರೆಯುವವಳ ಹಾಗೆ ತಲೆ ತಗ್ಗಿಸಿ ನಿಂತೆ.

"ಅದನ್ನ ತೆಗೀಬಾರ್ದು. ಯಾರೇ ಬರೆದಿರ್ಲಿ, ನನಗೆ ಏನೇ ಆಗ್ಲಿ, ತೆಗೀಬಾರ್ದು. ಅಷ್ಟೂ ಜನರ ರಕ್ತ ಇದೆ ಅದ್ರಲ್ಲಿ. ನಿನಗೆ ಅವರು ಸಿಕ್ಕಿದ್ರೆ ಇಷ್ಟು ಹೇಳು."

"ಹೇಳ್ತೀನಿ" ಎಂದೆ.

ಮಾರ್ಚ್ 24, ಸೋಮವಾರ

ಮಗಳಿಗೆ ಎಲ್ಲ ಹೇಳಿದೆ. ಹೇಳಬಾರದಿತ್ತು.

"ಹೋಗಿ ಒಪ್ಕೋ ಅಮ್ಮ."

"ಒಪ್ಕೊಂಡು? ನಿಮ್ಮಪ್ಪ ಹೋದ್ಮೇಲೆ ಈ ಮನೇಲಿ ದುಡಿಯೋಳು ನಾನೊಬ್ಬಳೇ. ನಿನ್ನ ಓದು?"

"ನನ್ನ ಓದಿನ ನೆಪ ಹೇಳ್ಬೇಡ."

"ಯಾರಪ್ಪನಿಗೂ ಗೊತ್ತಾಗಲ್ಲ ಅಂದೋಳು ನೀನೇ ಅಲ್ವಾ?"

ಅವಳ ಮುಖ ಸಪ್ಪಗಾಯಿತು. "ಹೌದು, ನಾನೂ ನೋಡ್ಲಿಲ್ಲ. ಬೇಕಾದ್ರೆ ನಾನೇ ಬಂದು ಹೇಳ್ತೀನಿ, ಟೈಪ್ ಮಾಡಿದ್ದು ನಾನು ಅಂತ." ನಾನು ಕಿರುಚಿದೆ. ಏನೆಂದು ಕಿರುಚಿದೆನೋ ಬರೆಯುವುದಿಲ್ಲ.

ನಾಳೆ ಬೆಳಿಗ್ಗೆ ಮ್ಯಾನೇಜರ್ ಕೋಣೆಗೆ ಹೋಗಿ ಹೇಳುತ್ತೇನೆ. ನಿರ್ಧಾರ ಮಾಡಿಯಾಯಿತು. ಏನು ಹೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡಿದ್ದೇನೆ.

ಮಾರ್ಚ್ 25, ಮಂಗಳವಾರ

ಮ್ಯಾನೇಜರ್ ಮಧ್ಯಾಹ್ನದವರೆಗೆ ಇರಲಿಲ್ಲ. ಆಮೇಲೆ ಇದ್ದರು.

ಮಾರ್ಚ್ 28, ಶುಕ್ರವಾರ

ದೊಡ್ಡಕ್ಕನಿಗೆ ಗಂಟುಮೂಟೆ ಕಟ್ಟಿಸಿದರು. ಸಂಸ್ಥೆಯ ಗುಟ್ಟು ಹೊರಗೆ ಹಾಕಿದ್ದಾರೆಂದು ಕೆಲಸದಿಂದ ತೆಗೆದ ಕಾಗದದಲ್ಲಿತ್ತಂತೆ. ನಿವೃತ್ತಿಗೆ ಇನ್ನು ಎರಡೇ ವರ್ಷವಿತ್ತು.

ಮೂಟೆಯೇನು, ಒಂದು ಜೊತೆ ಚಪ್ಪಲಿ, ಟೀ ಲೋಟ, ಬೆನ್ನಿಗೆ ಒರಗಿಸಿಕೊಳ್ಳುತ್ತಿದ್ದ ಹಳೇ ದಿಂಬು. ಬಾಗಿಲಲ್ಲಿ ಅವಳ ಚೀಲ ತಪಾಸಣೆ ಮಾಡಿದರು. ನಾನು ಕೊಳೆ ಮೇಜಿನಲ್ಲೇ ಇದ್ದೆ, ಎಣಿಕೆ ಅರ್ಧಕ್ಕೆ ಬಿಡುವಂತಿರಲಿಲ್ಲ. ಹೊಸಬಳು ಮಾತ್ರ ಓಡಿಹೋಗಿ ಅವಳ ಕೈ ಹಿಡಿದುಕೊಂಡಳು.

ದೊಡ್ಡಕ್ಕ ಕಿಟಕಿಯ ಹತ್ತಿರ ನಿಂತು ಒಳಗೆ ಇಣುಕಿದಳು. "ಇವತ್ತು ಎಷ್ಟಾಯ್ತೇ?" ಎಂದಳು, ದಿನಾ ಕೇಳುತ್ತಿದ್ದ ದನಿಯಲ್ಲೇ. ಮ್ಯಾನೇಜರ್ ಅಲ್ಲೇ ಇದ್ದರು.

"ಇನ್ನೂ ಮುಗಿದಿಲ್ಲ" ಎಂದೆ.

ಏಪ್ರಿಲ್ 2, ಬುಧವಾರ

ತೆಗೆದುಹಾಕಿದೆ. ಯೋಚಿಸಿಯೇ ತೆಗೆದದ್ದು. ಅದು ಅಲ್ಲಿದ್ದಷ್ಟು ದಿನ ಹುಡುಕುವವರು ಹುಡುಕುತ್ತಲೇ ಇರುತ್ತಾರೆ. 'ಯಾರ ಕೈಲಿ ಬರೆಸಿದಳು' ಎಂಬ ಪ್ರಶ್ನೆ ಇನ್ನೂ ಮುಗಿದಿಲ್ಲ. ದೊಡ್ಡಕ್ಕನಿಗೆ ಆಗುವುದು ಆಗಿಹೋಗಿದೆ, ಇದ್ದರೂ ಇಲ್ಲದಿದ್ದರೂ ಅವಳಿಗೆ ಒಂದೇ.

ಮಗಳು ನೋಡಿದಳೆಂದು ಕಾಣುತ್ತದೆ. ತಟ್ಟೆ ತೊಳೆದಿಟ್ಟು ಕೋಣೆಗೆ ಹೋದಳು.

ಏಪ್ರಿಲ್ 7, ಸೋಮವಾರ

ಈ ಪುಸ್ತಕವನ್ನು ಅಕ್ಕಿ ಡಬ್ಬದ ಹಿಂದೆ ಇಡುತ್ತಿದ್ದೆ, ಈಗ ಹಾಸಿಗೆಯ ಕೆಳಗೆ ಇಟ್ಟಿದ್ದೇನೆ. ಮೊದಲ ಪುಟಗಳಲ್ಲಿ ದೊಡ್ಡಕ್ಕನ ಆ ಮಾತು ಎಲ್ಲೆಲ್ಲಿ ಬಂದಿದೆಯೆಂದು ಹುಡುಕಿ ಹೊಡೆದು ಹಾಕಿದೆ. ಬೆಳಕಿಗೆ ಹಿಡಿದರೆ ಇನ್ನೂ ಓದಲು ಬರುತ್ತದೆ.

ಮ್ಯಾನೇಜರ್ ಇಂದು ಕರೆದಿದ್ದರು. "ದೊಡ್ಡಕ್ಕನ ಜಾಗಕ್ಕೆ ನೀವೇ ಬನ್ನಿ. ಎಣಿಕೇನೂ ನೋಡ್ಕೊಳ್ಳಿ, ಮೇಜೂ ನೋಡ್ಕೊಳ್ಳಿ. ನಿಮ್ಮ ಮೇಲೆ ನನಗೆ ನಂಬಿಕೆ ಇದೆ" ಎಂದರು. "ಸರಿ ಸಾರ್" ಎಂದೆ. ಒಳ್ಳೆಯ ಮನುಷ್ಯರೇ. ಎಲ್ಲರನ್ನೂ ಸಂಭಾಳಿಸುವುದು ಅವರಿಗೂ ಸುಲಭವಲ್ಲ.

ಏಪ್ರಿಲ್ 26, ಶನಿವಾರ

ಗ್ಲೌಸು ಬಂದಿವೆ. ತೆಳುವಾಗಿವೆ, ಆದರೂ ಬಂದಿವೆ. ಒಂದು ವಿಧದಲ್ಲಿ ನೋಡಿದರೆ ಬರೆದದ್ದರಿಂದ ಒಳ್ಳೆಯದೇ ಆಯಿತು.

ಜಾಲತಾಣದಲ್ಲಿ ಸಂಸ್ಥೆಯ ಹೆಸರು ಸರಿಪಡಿಸಲು ಎಲ್ಲರೂ ನಾಲ್ಕು ಒಳ್ಳೆಯ ಮಾತು ಬರೆಯಬೇಕೆಂದು ಮ್ಯಾನೇಜರ್ ಹೇಳಿದ್ದಾರೆ. ಬೇರೆಯವರು ಬರೆದದ್ದು ನೋಡಲಾಗುವುದಿಲ್ಲ. ಎಲ್ಲ ಒಂದೇ ದಿನ, ಒಂದೇ ವೈಫೈನಿಂದ, ಒಂದೇ ಥರ. ಹೀಗೆ ಬರೆದರೆ ಯಾರು ಬರೆಸಿದ್ದೆಂದು ಯಾರಿಗಾದರೂ ಗೊತ್ತಾಗುತ್ತದೆ. ನಾನೇ ತಿದ್ದಿಕೊಟ್ಟೆ. ಬೇರೆ ಬೇರೆ ವಾರ ಹಾಕಬೇಕು, ಮನೆಯಿಂದ ಹಾಕಬೇಕು, ಐದು ನಕ್ಷತ್ರದ ನಡುವೆ ಒಂದೊಂದು ನಾಲ್ಕು ಇರಬೇಕು, ಯಾರೂ ತಮ್ಮ ಹಾಗೆ ಬರೆಯಬಾರದು. "ನಿಮಗೆ ಇದೆಲ್ಲ ಹೇಗೆ ಗೊತ್ತು?" ಎಂದು ಮ್ಯಾನೇಜರ್ ಮೆತ್ತಗೆ ಕೇಳಿದರು. "ಮಗಳು ಓದ್ತಾಳಲ್ಲ ಸಾರ್, ಅವಳಿಂದ ಕಿವಿ ಮೇಲೆ ಬಿದ್ದಿದ್ದು" ಎಂದೆ. ನಕ್ಕರು.

ನನ್ನದೂ ಹಾಕಿದೆ: 'ಸುರಕ್ಷತೆಗೆ ಗಮನ ನೀಡುವ ಸಂಸ್ಥೆ. ವಾತಾವರಣ ಉತ್ತಮವಾಗಿದೆ.' ಯಾರ ಹಾಗೂ ಇಲ್ಲ. ಮೊದಲು ಎಷ್ಟು ಕಷ್ಟವಾಗಿತ್ತು, ಈಗ ಒಂದೇ ಏಟಿಗೆ ಬಂತು.

ಮೇ 5, ಸೋಮವಾರ

ಹೊಸಬಳು ಇಂದು ಎಣಿಸುತ್ತ, "ಗಂಟಿಗೊಂದು ಕಮ್ಮಿ" ಎಂದು ಕೂಗಿದಳು. ಬೇಕೆಂದೇ ಕೂಗಿದಳೋ, ಬಾಯಿಗೆ ಬಂದದ್ದೋ. ಆ ಕಡೆ ಯಾರೂ ನಗಲಿಲ್ಲ.

"ಹತ್ತೊಂಬತ್ತು ಅನ್ನಬೇಕು" ಎಂದೆ. ಅವಳು ನನ್ನನ್ನೇ ನೋಡುತ್ತ ನಿಂತಳು. "ಹತ್ತೊಂಬತ್ತು" ಎಂದಳು ಕೊನೆಗೆ. ಬರೆದುಕೊಂಡೆ.

ಮೇ 19, ಸೋಮವಾರ

ಇಂದಿನ ಎಣಿಕೆ ಸರಿಯಾಗಿತ್ತು.

ಕೊಳೆ ವಿಭಾಗದ ಒಬ್ಬ ಸಿಬ್ಬಂದಿಗೆ ಮಧ್ಯಾಹ್ನ ಬಲಗೈ ಹೆಬ್ಬೆರಳಿಗೆ ಸಣ್ಣ ಗಾಯವಾಯಿತು. ಗ್ಲೌಸು ಧರಿಸಿದ್ದರು, ಸೂಜಿ ಅದನ್ನೂ ತೂರಿ ಬಂದಿತ್ತು. ಗಾಯವನ್ನು ಸೋಪು ಹಾಕಿ ತೊಳೆಯಲಾಯಿತು.

ಹೊಸಬಳು ಪಕ್ಕದಲ್ಲೇ ಇದ್ದಳು. "ಅಕ್ಕಾ, ರಿಜಿಸ್ಟರ್‌ನಲ್ಲಿ ಬರೀರಿ. ಚೀಟಿ ತಗೊಂಡು ಈಗ್ಲೇ ಹೋಗಿ. ಎರಡು ದಿನದೊಳಗೆ ಹೋಗ್ಬೇಕು, ನಂಗೆ ಗೊತ್ತು" ಎಂದಳು. ಅವಳ ಕಣ್ಣು ತುಂಬಿತ್ತು.

"ಏನನ್ನ ಬರೀಬೇಕು?" ಎಂದೆ.

ಪೆನ್ನು ಹಿಡಿಯುವಾಗ ಸ್ವಲ್ಪ ನೋವಾಯಿತು. 'ಇಲ್ಲ' ಸೊಟ್ಟಗೆ ಬಂತು.

ಮನೆಯಲ್ಲಿ ಮಗಳು ಈಗ ನನ್ನ ಜೊತೆ ಹೆಚ್ಚು ಮಾತಾಡುವುದಿಲ್ಲ. ಇಂದು ತಾನಾಗಿ ಕೇಳಿದಳು. "ಹೆಬ್ಬೆರಳಿಗೆ ಏನಾಯ್ತಮ್ಮ?"

"ಪಿನ್ನು ತಗುಲ್ತು. ಬಟ್ಟೆಗೆ ಹಾಕ್ಕೊಂಡಿದ್ನಲ್ಲ, ಅದೇ."

ಅವಳು ನನ್ನ ಬಟ್ಟೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಎಲ್ಲೂ ಪಿನ್ನು ಇರಲಿಲ್ಲ. ಪಕ್ಕದಲ್ಲಿ ಕುಳಿತು ನನ್ನ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು, ಅಳತೊಡಗಿದಳು. ಅಷ್ಟು ಅಳುವಂಥದ್ದು ಏನಿದೆ? ಕೈ ಬಿಡಿಸಿಕೊಂಡು ಎದ್ದು ಬಂದೆ.

ಕೊನೆಯ ಪುಟ ತೆರೆದಿದ್ದೇನೆ. ಗುಂಪು ಗುಂಪಾಗಿ ಗೀಟುಗಳು, ಕೊನೆಯದರಲ್ಲಿ ನಾಲ್ಕು. ಒಂದು ಅಡ್ಡಗೀಟು ಎಳೆದರೆ ಪೂರ್ತಿ ಇಪ್ಪತ್ತು. ಗೀಟಿಗೆ ಹೆಸರಿಲ್ಲ, ಯಾರದೆಂದು ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಹೆಬ್ಬೆರಳು ನೋಯುವಾಗ ಎಳೆದ ಗೀಟು ಬೇರೆ ಥರ ಬರುತ್ತದೆ. ನೋಡಿದವರು ಹಿಡಿದುಬಿಡುತ್ತಾರೆ.

ಎಳೆಯಲಿಲ್ಲ.